ಟೂಮ್‌ಸ್ಟೋನಿನ ಎರಡು ಪತ್ರಿಕೆಗಳು

ಅಮೆರಿಕದ ಸಂಯುಕ್ತ ಸಂಸ್ಥಾನಗಳ ನೈಋತ್ಯ ಭಾಗದಲ್ಲಿ, ಮೆಕ್ಸಿಕೋ ದೇಶದ ಗಡಿಗೆ ಸುಮಾರು 30 ಮೈಲಿ ಈಚೆಗೆ, ಆರಿಜೋನದ ಒಂದು ಬೋಳುದಿಬ್ಬದ ಮೇಲೆ 1879ರಲ್ಲಿ ಟೂಮ್‌ಸ್ಟೋನ್ ಎಂಬ ಊರು ತಲೆಯೆತ್ತಿತು. ಆ ಹೆಸರಿನ ಅರ್ಥ ಗೋರಿಕಲ್ಲು ಎಂದು. ಎಡ್ ಷೀಫೆಲಿನ್ ಎಂಬ ಅದಿರು ಹುಡುಕುವವನು 1877ರಲ್ಲಿ ಅಪಾಚೆ ಜನರ ನೆಲದಲ್ಲಿ ಒಂಟಿಯಾಗಿ ಅಲೆಯುತ್ತಿದ್ದಾಗ, ಅಲ್ಲಿ ಅವನಿಗೆ ಸಿಕ್ಕುವುದು ಅವನ ಗೋರಿಕಲ್ಲೊಂದೇ ಎಂದು ಸೈನಿಕರು ಹಾಸ್ಯ ಮಾಡಿದ್ದರಂತೆ. ಸಿಕ್ಕಿದ್ದು ಬೆಳ್ಳಿ. ತನ್ನ ಗಣಿಹಕ್ಕಿಗೆ ಅವನು ಆ ಹಾಸ್ಯದ ಮಾತನ್ನೇ ಹೆಸರಾಗಿಟ್ಟನು. ಗಣಿಯ ಹೆಸರು ಊರಿಗೂ ಬಂದಿತು. ಊರು ಕಟ್ಟಿ ಮುಗಿಯುವ ಮೊದಲೇ, 1879ರ ಅಕ್ಟೋಬರಿನಲ್ಲಿ, ‘ನಗೆಟ್’ ಎಂಬ ಪತ್ರಿಕೆ ಹೊರಟಿತು. ಹಾಗೆಂದರೆ ನೆಲದಲ್ಲಿ ಸಿಕ್ಕುವ ಅಚ್ಚಲೋಹದ ಗಟ್ಟಿ. 1880ರ ಮೇ 1ರಂದು ಅದಕ್ಕೆ ಪ್ರತಿಸ್ಪರ್ಧಿಯಾಗಿ ಜಾನ್ ಕ್ಲಮ್ ಎಂಬಾತನೂ ಅವನ ಇಬ್ಬರು ಪಾಲುದಾರರೂ ‘ಎಪಿಟಾಫ್’ ಪತ್ರಿಕೆಯನ್ನು ಆರಂಭಿಸಿದರು. ಗೋರಿಕಲ್ಲೆಂದ ಮೇಲೆ ಅದರ ಮೇಲೊಂದು ಬರಹ ಬೇಡವೇ ಎಂಬುದು ಆ ಹೆಸರಿಗೆ ಕ್ಲಮ್ ಕೊಟ್ಟ ಸಮರ್ಥನೆ.

ಈ ಎರಡು ಪತ್ರಿಕೆಗಳೂ ಒಟ್ಟಿಗೆ ಬದುಕಿದ್ದು ಎರಡು ವರ್ಷ ಮಾತ್ರ. ಆದರೆ ಆ ಎರಡು ವರ್ಷಗಳಲ್ಲಿ ಅವು ಅಚ್ಚಿಸಿದ ಸುದ್ದಿಗಳ ಆಧಾರದ ಮೇಲೆ ಎಷ್ಟು ಪುಸ್ತಕಗಳೂ ಎಷ್ಟು ಚಲಚ್ಚಿತ್ರಗಳೂ ಹುಟ್ಟಿಕೊಂಡಿವೆಯೆಂದರೆ, ಅಷ್ಟು ಸಣ್ಣ ಊರಿನ ಅಷ್ಟು ಸಣ್ಣ ಅವಧಿಯ ವೃತ್ತಪತ್ರಿಕೆಗಳಿಗೆ ಇಂಥ ಭಾಗ್ಯ ಬೇರೆಲ್ಲಿಯೂ ದೊರೆತಿರಲಾರದು. ಸಾಮಾನ್ಯ ವಾಚಕನ ಮನಸ್ಸಿನಲ್ಲಿ ‘ಎಪಿಟಾಫ್’ ಎಂದರೆ ಊರಿನ ದಾಖಲೆ, ‘ನಗೆಟ್’ ಎಂದರೆ ದನಗಳ್ಳರ ಮುಖವಾಣಿ. ಈ ಅಭಿಪ್ರಾಯ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದು ಪರಿಶೀಲಿಸತಕ್ಕ ವಿಷಯ. ಮೂರು ಜನರ ಕೊಲೆ ನ್ಯಾಯವೋ ಅನ್ಯಾಯವೋ ಎಂಬ ತೀರ್ಮಾನವೇ ಈ ಅಚ್ಚಿನ ಹಾಳೆಗಳ ಮೇಲೆ ನಿಂತಿರುವುದರಿಂದ ಇದು ಬರಿಯ ಪಾಂಡಿತ್ಯದ ಪ್ರಶ್ನೆಯೂ ಅಲ್ಲ.

ಮೊದಲು ಪತ್ರಿಕೆಗಳ ಹಿಂದಿದ್ದವರನ್ನು ನೋಡಬೇಕು. ಕ್ಲಮ್ ಹಿಂದೆ ಸಾನ್ ಕಾರ್ಲೋಸಿನಲ್ಲಿ ಅಪಾಚೆ ಜನರ ಮೇಲ್ವಿಚಾರಣೆಯ ಸರ್ಕಾರಿ ಅಧಿಕಾರಿಯಾಗಿದ್ದವನು. 1877ರಲ್ಲಿ ಜೆರೋನಿಮೋನನ್ನು ಸೆರೆಹಿಡಿದು ಹೆಸರು ಪಡೆದವನು. ಅದೇ ವರ್ಷ ಆ ಹುದ್ದೆಯನ್ನು ಬಿಟ್ಟು ಟೂಸಾನಿನಲ್ಲಿ ಒಂದು ಪತ್ರಿಕೆಯನ್ನು ಕೊಂಡು ನಡೆಸಿದನು. ಟೂಮ್‌ಸ್ಟೋನಿಗೆ ಬಂದ ಮೇಲೆ ಅವನು ಸಂಪಾದಕನೂ ಅಂಚೆಯ ಅಧಿಕಾರಿಯೂ ಆದನು. 1881ರ ಜನವರಿಯಲ್ಲಿ ಮೇಯರನಾಗಿಯೂ ಆಯ್ಕೆಯಾದನು. ನಿವೇಶನಗಳ ವಿವಾದ ಅವನನ್ನು ಆ ಗಾದಿಗೇರಿಸಿತು. ಜನರು ಗುಡಾರ ಹಾಕಿ ಮನೆ ಕಟ್ಟಿಕೊಂಡಿದ್ದ ಜಾಗಗಳು ತಮ್ಮವೆಂದು ಒಂದು ಕಂಪನಿ ಹಕ್ಕು ಸಾಧಿಸತೊಡಗಿದಾಗ ‘ಎಪಿಟಾಫ್’ ನಿವಾಸಿಗಳ ಪಕ್ಷ ಹಿಡಿದು ಬರೆಯಿತು. ಆ ಬರವಣಿಗೆಯಲ್ಲಿ ಕ್ಲಮ್‌ನಿಗೆ ರಾಜಕೀಯ ಲಾಭವಿದ್ದುದು ನಿಜ. ಆದರೂ ಊರಿನ ಬಡವನಿಗೆ ನಿಜವಾಗಿ ಬೇಕಾಗಿದ್ದ ವಿಷಯವನ್ನು ಒಂದು ಪತ್ರಿಕೆ ಬಿಡದೆ ಬೆನ್ನುಹತ್ತಿದ ನಿದರ್ಶನವಾಗಿ ಅದು ಇಂದಿಗೂ ಮೆಚ್ಚತಕ್ಕದ್ದು.

‘ನಗೆಟ್’ನ ಸಂಪಾದಕ ಹ್ಯಾರಿ ವುಡ್ಸ್ ಡೆಮೊಕ್ರಾಟ್ ಪಕ್ಷದವನು, ಕ್ಲಮ್ ರಿಪಬ್ಲಿಕನ್. ಆರಿಜೋನ ಆಗ ಇನ್ನೂ ಸಂಸ್ಥಾನವಾಗಿರಲಿಲ್ಲ. ವಾಷಿಂಗ್ಟನ್ನಿನಿಂದ ನೇಮಕವಾದ ಗವರ್ನರನ ಆಡಳಿತದಲ್ಲಿದ್ದ ಪ್ರಾಂತವಾಗಿತ್ತು. ಅದರ ಶಾಸನಸಭೆಯಲ್ಲಿ ಸದಸ್ಯನಾಗಿದ್ದ ವುಡ್ಸ್, 1881ರ ಫೆಬ್ರವರಿಯಲ್ಲಿ ಪೀಮಾ ಕೌಂಟಿಯನ್ನು ಒಡೆದು ಟೂಮ್‌ಸ್ಟೋನ್ ಕೇಂದ್ರವಾದ ಕೊಚೀಸ್ ಕೌಂಟಿಯನ್ನು ರಚಿಸುವುದರಲ್ಲಿ ಪಾತ್ರ ವಹಿಸಿದನು. ಹೊಸ ಕೌಂಟಿಗೆ ಹೊಸ ಷೆರಿಫ್ ಬೇಕಾಯಿತು. ಆ ಪದವಿ ಬರಿಯ ಪೋಲೀಸು ಕೆಲಸವಲ್ಲ. ತೆರಿಗೆ ವಸೂಲಿಯೂ ಅವನದೇ, ವಸೂಲಾದ ಮೊತ್ತದಲ್ಲಿ ಒಂದು ಪಾಲೂ ಅವನದೇ. ವರ್ಷಕ್ಕೆ 40,000 ಡಾಲರ್ ಬರುವ ಸ್ಥಾನವೆಂಬ ಮಾತು ಊರಿನಲ್ಲಿ ಹಬ್ಬಿತ್ತು. ಗವರ್ನರ್ ಫ್ರೀಮಾಂಟ್ ಅದಕ್ಕೆ ಜಾನ್ ಬೀಹನ್ ಎಂಬ ಡೆಮೊಕ್ರಾಟನನ್ನು ನೇಮಿಸಿದನು. ಅದೇ ಸ್ಥಾನವನ್ನು ಬಯಸಿದ್ದ ಇನ್ನೊಬ್ಬನೆಂದರೆ ವ್ಯಾಟ್ ಅರ್ಪ್. ತಾನು ಷೆರಿಫ್ ಆದರೆ ವ್ಯಾಟನನ್ನು ಉಪಷೆರಿಫನನ್ನಾಗಿ ಮಾಡುವುದಾಗಿ ಬೀಹನ್ ಮಾತುಕೊಟ್ಟಿದ್ದನು. ಮಾತು ಕೊಟ್ಟದ್ದನ್ನು ಮುಂದೆ ನ್ಯಾಯಾಲಯದಲ್ಲಿ ಅವನೇ ಒಪ್ಪಿಕೊಂಡನು. ಕೊನೆಗೆ ಆ ಸ್ಥಾನ ವ್ಯಾಟನಿಗೆ ಸಿಗಲಿಲ್ಲ. ಸಿಕ್ಕಿದ್ದು ಹ್ಯಾರಿ ವುಡ್ಸ್‌ಗೆ, ಅಂದರೆ ‘ನಗೆಟ್’ನ ಸಂಪಾದಕನಿಗೆ.

ಈ ಒಂದು ಸಂಗತಿಯನ್ನು ಮರೆತು ಈ ಪತ್ರಿಕೆಗಳನ್ನು ಓದುವವರು ಕುರುಡಾಗಿ ಓದಿದಂತೆಯೇ ಸರಿ. ಒಂದು ಪತ್ರಿಕೆಯ ಸಂಪಾದಕ ಊರಿನ ಮೇಯರ್. ಇನ್ನೊಂದರ ಸಂಪಾದಕ ಕೌಂಟಿಯ ಉಪಷೆರಿಫ್. ಊರಿನ ಮಾರ್ಷಲ್ ವರ್ಜಿಲ್ ಅರ್ಪ್. ಅವನ ತಮ್ಮನಿಗೆ ಕೈತಪ್ಪಿದ ಹುದ್ದೆಯಲ್ಲಿ ಕುಳಿತವನೇ ಅವನ ಮೇಲೆ ಅಗ್ರಲೇಖನ ಬರೆಯತಕ್ಕವನು. ಇವರು ಊರಿನ ಜಗಳವನ್ನು ದೂರದಿಂದ ಕಂಡು ಬರೆದವರಲ್ಲ, ಜಗಳದ ಕಕ್ಷಿಗಾರರು.

1881ರ ಮಾರ್ಚ್ 15ರ ರಾತ್ರಿ ಬೆನ್ಸನ್ನಿಗೆ ಹೋಗುತ್ತಿದ್ದ ಅಂಚೆಬಂಡಿಯ ಮೇಲೆ ದಾಳಿ ನಡೆದು ಇಬ್ಬರು ಸತ್ತರು. ಕಳ್ಳರ ಕುದುರೆಗಳನ್ನು ಹಿಡಿದುಕೊಂಡಿದ್ದ ಲೂಥರ್ ಕಿಂಗ್ ಎಂಬವನು ಸಿಕ್ಕಿಬಿದ್ದನು. ವುಡ್ಸ್‌ನ ವಶದಲ್ಲಿದ್ದ ಅವನು ಆ ತಿಂಗಳ ಕೊನೆಯಲ್ಲಿ, ತನ್ನ ಕುದುರೆಯ ಮಾರಾಟದ ಪತ್ರ ಬರೆಯುತ್ತಿದ್ದ ಹೊತ್ತಿನಲ್ಲಿ, ಷೆರಿಫನ ಕಚೇರಿಯ ಹಿಂಬಾಗಿಲಿನಿಂದ ಮೆಲ್ಲನೆ ಹೊರಟುಹೋದನು. ಕೈದಿಯನ್ನು ಕಳೆದುಕೊಂಡವನು ಉಪಷೆರಿಫ್. ಕೈದಿ ತಪ್ಪಿಸಿಕೊಂಡ ಸುದ್ದಿಯನ್ನು ಅಚ್ಚಿಗೆ ಕೊಡಬೇಕಾದ ಸಂಪಾದಕನೂ ಅವನೇ. ಪ್ರಹಸನಕಾರನಿಗೆ ಇದಕ್ಕಿಂತ ಒಳ್ಳೆಯ ಸನ್ನಿವೇಶ ಸಿಕ್ಕಲಾರದು.

ಇಷ್ಟಾಗಿಯೂ ದಿನನಿತ್ಯದ ವಿಷಯಗಳಲ್ಲಿ ಎರಡೂ ಪತ್ರಿಕೆಗಳ ದನಿ ಬಹುಮಟ್ಟಿಗೆ ಒಂದೇ. ಗಣಿಗಳ ಸುದ್ದಿ ಎರಡಕ್ಕೂ ಮುಖ್ಯ, ಮತ್ತು ಆ ಸುದ್ದಿ ಸಾಮಾನ್ಯವಾಗಿ ಶುಭವಾರ್ತೆಯೇ. ಊರಿನ ಬದುಕು ನಿಂತಿದ್ದುದು ಪೂರ್ವದ ನಗರಗಳಿಂದಲೂ ಸಾನ್ ಫ್ರಾನ್ಸಿಸ್ಕೋದಿಂದಲೂ ಬರುವ ಬಂಡವಾಳದ ಮೇಲೆ. ಬಂಡವಾಳಗಾರ ಬೆದರುವಂಥದನ್ನು ಬರೆಯಲು ಯಾವ ಸಂಪಾದಕನ ಲೇಖನಿಯೂ ಹಿಂಜರಿಯುತ್ತಿತ್ತು. 1881ರ ಮಾರ್ಚಿನಲ್ಲಿ ಒಂದು ಗಣಿ 520 ಅಡಿ ಆಳದಲ್ಲಿ ನೀರನ್ನು ಮುಟ್ಟಿತು. ಅದಿರು ಅರೆಯುವ ಗಿರಣಿಗಳಿಗೆ ನೀರು ಬೇಕಾಗಿ ಅವುಗಳನ್ನು ಮೈಲಿಗಟ್ಟಲೆ ದೂರದ ಸಾನ್ ಪೇಡ್ರೊ ಹೊಳೆಯ ದಡದಲ್ಲಿ ಕಟ್ಟಬೇಕಾಗಿತ್ತಾದ್ದರಿಂದ, ಕಾಲಡಿಯಲ್ಲಿಯೇ ನೀರು ಸಿಕ್ಕಿದ್ದು ಊರಿಗೆ ಅದೃಷ್ಟವಾಗಿಯೇ ಕಂಡಿತು. ಅದೇ ನೀರು ಕೆಲವೇ ವರ್ಷಗಳಲ್ಲಿ ಗಣಿಗಳನ್ನು ತುಂಬಿ ಊರನ್ನು ಮುಳುಗಿಸಿತು. ದೂಳು, ಬಿಸಿಲು, ಹೆಂಗಸರಿಗೆ ಹೊತ್ತುಕಳೆಯಲು ಏನೂ ಇಲ್ಲದ ಬೇಸರ, ಇಂಥ ಬದುಕಿನ ನಿಜವಾದ ಬಣ್ಣವನ್ನು ಕಾಣಬೇಕಾದರೆ ವಾಚಕರು ಟೂಮ್‌ಸ್ಟೋನಿನ ಪತ್ರಿಕೆಗಳನ್ನು ಬಿಟ್ಟು ‘ಸಾನ್ ಡಿಯೇಗೊ ಯೂನಿಯನ್’ ಪತ್ರಿಕೆಗೆ ಹೋಗಬೇಕಾಗುತ್ತದೆ. ಗಣಿಯ ಉದ್ಯೋಗದಲ್ಲಿದ್ದ ಗಂಡನೊಡನೆ 1880ರಲ್ಲಿ ಊರಿಗೆ ಬಂದ ಕ್ಲಾರಾ ಸ್ಪಾಲ್ಡಿಂಗ್ ಬ್ರೌನ್ ಎಂಬಾಕೆ ಅದಕ್ಕೆ ಪತ್ರರೂಪದ ವರದಿಗಳನ್ನು ಬರೆದು ಕಳಿಸುತ್ತಿದ್ದಳು. ಆಕೆಗೆ ಊರಿನಲ್ಲಿ ಪದವಿಯಿಲ್ಲ, ಮತವಿಲ್ಲ, ಅಚ್ಚುಕೂಟವಿಲ್ಲ. ಕಂಡದ್ದನ್ನು ಕಂಡಂತೆ ಬರೆಯುವ ಸ್ವಾತಂತ್ರ್ಯ ಬಹುಶಃ ಅದರಿಂದಲೇ ಬಂದಿತು.

ಈಗ ಮುಖ್ಯ ಘಟನೆಗೆ ಬರಬಹುದು. 1881ರ ಅಕ್ಟೋಬರ್ ಮೊದಲ ವಾರದಲ್ಲಿ ಅಪಾಚೆ ಜನರ ಒಂದು ಗುಂಪು ಸಾನ್ ಕಾರ್ಲೋಸನ್ನು ಬಿಟ್ಟು ದಕ್ಷಿಣಕ್ಕೆ ಹೊರಟಿತೆಂಬ ಸುದ್ದಿ ಬಂದಾಗ, ಟೂಮ್‌ಸ್ಟೋನಿನಿಂದ ಸವಾರರ ತಂಡವೊಂದು ಹೊರಟಿತು. ಅದರಲ್ಲಿ ಷೆರಿಫ್ ಬೀಹನ್ ಇದ್ದನು, ಮಾರ್ಷಲ್ ವರ್ಜಿಲ್ ಇದ್ದನು, ವ್ಯಾಟ್ ಇದ್ದನು, ಸಂಪಾದಕ ಕ್ಲಮ್ ಇದ್ದನು. ಮೊದಲು ಸಾನ್ ಫ್ರಾನ್ಸಿಸ್ಕೋದ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು, ಬೆಳ್ಳಿಯ ಆಸೆಗೆ ಇಲ್ಲಿಗೆ ಬಂದು, ದಿನಚರಿಯನ್ನು ಮಾತ್ರ ಲೆಕ್ಕದ ಪುಸ್ತಕದಷ್ಟೇ ಕ್ರಮವಾಗಿ ಇಟ್ಟುಕೊಂಡಿದ್ದ ಜಾರ್ಜ್ ಪಾರ್ಸನ್ಸ್ ಕೂಡ ಇದ್ದನು. ಮಳೆಯಲ್ಲಿ ತೊಯ್ದ ಈ ತಂಡ ತಂಗಿದ್ದು ಮೆಕ್ಲಾರಿ ಸಹೋದರರ ದನದ ಹಟ್ಟಿಯಲ್ಲಿ. ಮೂರು ವಾರಗಳ ತರುವಾಯ, ಅಕ್ಟೋಬರ್ 26ರ ಮಧ್ಯಾಹ್ನ, ಆ ಅತಿಥೇಯರಿಬ್ಬರೂ ಆ ಅತಿಥಿಗಳಲ್ಲಿ ಕೆಲವರ ಗುಂಡಿಗೆ ಸತ್ತರು.

ಕೊಲೆ ನಡೆದದ್ದು ಫ್ರೀಮಾಂಟ್ ಬೀದಿಯ ಬದಿಯ ಒಂದು ಇಕ್ಕಟ್ಟಾದ ಖಾಲಿ ಜಾಗದಲ್ಲಿ, ಓ. ಕೆ. ಕೊರಾಲ್ ಎಂಬ ಕುದುರೆಲಾಯದಲ್ಲಿ ಅಲ್ಲ. ಊರೊಳಗೆ ಆಯುಧ ಧರಿಸಬಾರದೆಂದು ಆ ವರ್ಷದ ಏಪ್ರಿಲಿನಲ್ಲಿ ಪುರಸಭೆ ಮಾಡಿದ ಕಟ್ಟಳೆಯನ್ನು ಜಾರಿಗೆ ತರುವ ಹೆಸರಿನಲ್ಲಿ ವರ್ಜಿಲ್, ವ್ಯಾಟ್, ಮಾರ್ಗನ್ ಎಂಬ ಅರ್ಪ್ ಸಹೋದರರೂ ಡಾಕ್ ಹಾಲಿಡೇ ಎಂಬ ದಂತವೈದ್ಯನೂ ಅಲ್ಲಿಗೆ ನಡೆದರು. ಅರ್ಧ ನಿಮಿಷದಲ್ಲಿ ಸುಮಾರು 30 ಗುಂಡುಗಳು ಹಾರಿದುವು. ಬಿಲ್ಲಿ ಕ್ಲಾಂಟನ್, ಟಾಮ್ ಮೆಕ್ಲಾರಿ, ಫ್ರಾಂಕ್ ಮೆಕ್ಲಾರಿ ಸತ್ತರು. ವರ್ಜಿಲ್ ಮತ್ತು ಮಾರ್ಗನ್ ಗಾಯಗೊಂಡರು.

ಮರುದಿನದ ‘ಎಪಿಟಾಫ್’ನ ತಲೆಬರಹ ಮೂವರನ್ನು ಒಂದು ಕ್ಷಣದೊಳಗೆ ಶಾಶ್ವತಕ್ಕೆ ಎಸೆದ ಭಾಷೆಯದು; ಅದು ಇಂದಿಗೂ ಪುಸ್ತಕದಿಂದ ಪುಸ್ತಕಕ್ಕೆ ಹೋಗುತ್ತಿದೆ. ಕೆಳಗಿನ ವರದಿಯನ್ನು ಮಾತ್ರ ಅಷ್ಟು ಗಮನವಿಟ್ಟು ಓದಿದವರು ಕಡಮೆ. ವರದಿಯ ತಿರುಳು ಕೋಲ್ಮನ್ ಎಂಬ ಪ್ರತ್ಯಕ್ಷದರ್ಶಿಯ ಹೇಳಿಕೆ. ಮಾರ್ಷಲ್ ಆಯುಧಗಳನ್ನು ಒಪ್ಪಿಸಿರೆಂದು ಕೂಗಿದನು, ಫ್ರಾಂಕ್ ಮೆಕ್ಲಾರಿ ಏನೋ ಉತ್ತರ ಕೊಟ್ಟನು, ಅಷ್ಟರಲ್ಲಿ ಎಲ್ಲ ಕಡೆಯಿಂದ ಗುಂಡು ಹಾರತೊಡಗಿದವು, ಎಂಬಷ್ಟರಲ್ಲಿ ಅದು ಮುಗಿಯುತ್ತದೆ. ಮೊದಲ ಗುಂಡು ಯಾರದು? ಇಡೀ ಪ್ರಕರಣ ನಿಂತಿರುವ ಆ ಒಂದು ಪ್ರಶ್ನೆಗೆ ಅರ್ಪ್‌ಗಳ ಮಿತ್ರನಾದ ಪತ್ರಿಕೆ ಉತ್ತರವನ್ನೇ ಕೊಡುವುದಿಲ್ಲ. ಅದಕ್ಕೆ ಬದಲಾಗಿ, ಟಾಮ್ ಮೆಕ್ಲಾರಿ ಬಿದ್ದು, ಮತ್ತೆ ಎದ್ದು, ಸಾಯುವ ಮೊದಲು ಗುಂಡು ಹಾರಿಸಿದನೆಂಬ ವಿವರವನ್ನು ಅದು ನಿಸ್ಸಂಕೋಚವಾಗಿ ಅಚ್ಚಿಸುತ್ತದೆ. ಟಾಮನ ಶವದ ಮೇಲೆ ಆಯುಧವೇ ಸಿಕ್ಕಲಿಲ್ಲ. ಅವನು ನಿರಾಯುಧನಾಗಿದ್ದನೇ ಎಂಬ ವಾದ ಇಂದಿಗೂ ಮುಗಿದಿಲ್ಲ.

ಅದೇ ದಿನದ ‘ನಗೆಟ್’ ತೆರೆದರೆ ಆಶ್ಚರ್ಯ ಕಾದಿದೆ. ಸಂಪಾದಕ ವುಡ್ಸ್ ಆ ದಿನ ಊರಿನಲ್ಲಿರಲಿಲ್ಲ. ವರದಿ ಬರೆದವನು ರಿಚರ್ಡ್ ರೂಲ್ ಎಂದು ಇತಿಹಾಸಕಾರರು ಹೇಳುತ್ತಾರೆ. ಆಡಂಬರದ ಒಂದೆರಡು ಆರಂಭವಾಕ್ಯಗಳನ್ನು ಕಳೆದರೆ, ಮುಂದಿನದೆಲ್ಲ ಹೆಜ್ಜೆ ಹೆಜ್ಜೆಯಾಗಿ ಸಾಗುವ ಶಾಂತವಾದ ಕಥನ. ಮಾರ್ಷಲ್ ಕೈಯೆತ್ತಿರೆಂದು ಹೇಳಿದನು; ಆಗ ಫ್ರಾಂಕ್ ಮೆಕ್ಲಾರಿ ಪಿಸ್ತೂಲನ್ನು ಎಳೆಯಲು ಹೋದನು; ಒಡನೆಯೇ ವ್ಯಾಟ್ ಅರ್ಪ್ ಅವನಿಗೆ ಹೊಡೆದನು. ಅಂದರೆ ಅರ್ಪ್‌ಗಳಿಗೆ ಅತ್ಯಂತ ಅನುಕೂಲವಾದ ವಿವರಣೆ ಅಚ್ಚಾದದ್ದು ಅವರ ವಿರೋಧಿಗಳ ಪತ್ರಿಕೆಯಲ್ಲಿ! ಆ ವಿವರ ಷೆರಿಫ್ ಬೀಹನ್ನನ ಬಾಯಿಂದಲೇ ಬಂದಿರಬೇಕೆಂಬುದು ಕೆಲವು ಇತಿಹಾಸಕಾರರ ಊಹೆ. ಊಹೆ ಸರಿಯಾಗಿದ್ದರೆ ವಿಷಯ ಇನ್ನಷ್ಟು ಗಂಭೀರವಾಗುತ್ತದೆ. ಏಕೆಂದರೆ ಕೆಲವೇ ದಿನಗಳ ಮೇಲೆ ಪ್ರಮಾಣ ಮಾಡಿ ನುಡಿದಾಗ ಬೀಹನ್ ಹೇಳಿದ್ದು ಬೇರೆಯೇ: ಗುಂಡು ಮೊದಲು ಹಾರಿದ್ದು ಅರ್ಪ್‌ಗಳ ಕಡೆಯಿಂದ. ತನಗೆ ಜಗಳ ಬೇಡವೆಂದು ಬಿಲ್ಲಿ ಕ್ಲಾಂಟನ್ ಬೇಡಿಕೊಂಡನು. ತನ್ನಲ್ಲಿ ಏನೂ ಇಲ್ಲವೆಂದು ಟಾಮ್ ಅಂಗಿಯನ್ನು ತೆರೆದು ತೋರಿಸಿದನು.

ಪಕ್ಷಪಾತ ಪತ್ರಿಕೆಗೆ ಹತ್ತುವುದಕ್ಕೂ ಸ್ವಲ್ಪ ಕಾಲ ಬೇಕಾಗುತ್ತದೆ ಎಂಬುದು ಇದರಿಂದ ವಿಶದವಾಗುತ್ತದೆ. ಮೊದಲ ರಾತ್ರಿ ಮೊಳೆ ಜೋಡಿಸುವವನ ಮುಂದೆ ನಿಂತು ಬರೆದ ವರದಿಗಾರನಿಗೆ ತನ್ನ ಪಕ್ಷಕ್ಕೆ ಯಾವ ವಿವರ ಒಳ್ಳೆಯದು, ಯಾವುದು ಕೆಟ್ಟದ್ದು ಎಂಬುದು ಇನ್ನೂ ತಿಳಿದಿರಲಿಲ್ಲ. ತಿಳಿದ ಮೇಲೆ ‘ನಗೆಟ್’ನ ದನಿ ಬರಬರುತ್ತ ಬದಲಾಯಿತು. ಆದುದರಿಂದ ಈ ಪ್ರಕರಣದಲ್ಲಿ ಅತ್ಯಂತ ಬೆಲೆಯುಳ್ಳ ಸಾಕ್ಷ್ಯವೆಂದರೆ ‘ಎಪಿಟಾಫ್’ನ ಸ್ತುತಿಯೂ ಅಲ್ಲ, ‘ನಗೆಟ್’ನ ನಂತರದ ನಿಂದೆಯೂ ಅಲ್ಲ, ತನ್ನ ಹಿತಕ್ಕೆ ವಿರುದ್ಧವಾಗಿ ಅಕ್ಟೋಬರ್ 27ರಂದು ‘ನಗೆಟ್’ ಅಚ್ಚಿಸಿದ ಆ ಒಂದು ವಾಕ್ಯ. ಎರಡು ಲೆಕ್ಕದ ಪುಸ್ತಕಗಳನ್ನು ತಾಳೆ ನೋಡುವವನು ಸಾಲಗಾರನೇ ತನ್ನ ಖಾತೆಯಲ್ಲಿ ಬರೆದುಕೊಂಡ ಸಾಲವನ್ನು ಮೊದಲು ನಂಬುತ್ತಾನೆ.

‘ಎಪಿಟಾಫ್’ನ ವರದಿಯಲ್ಲಿ ವಿಮರ್ಶಕನ ಕಣ್ಣು ನಿಲ್ಲಬೇಕಾದ ಇನ್ನೊಂದು ಸ್ಥಳವಿದೆ. ಗುಂಡಿನ ಸುದ್ದಿ ಮುಟ್ಟಿದೊಡನೆ ಗಣಿಗಳ ಸೀಟಿಗಳು ಕೂಗಿದವು, ಗಣಿಗಾರರು ಮೇಲೆ ಬಂದು ಆಯುಧ ಹಿಡಿದು ಊರೊಳಗೆ ನುಗ್ಗಿದರು, ನಾಗರಿಕರಲ್ಲಿ ಉತ್ತಮರಾದವರೆಲ್ಲ ಶಸ್ತ್ರಸಜ್ಜಿತರಾಗಿ ಹೊರಬಂದರು ಎಂದು ಅದು ಬಣ್ಣಿಸುತ್ತದೆ. ಈ ಉತ್ತಮ ವರ್ಗದವರ ಅಭಿಪ್ರಾಯದಲ್ಲಿ ಮಾರ್ಷಲ್ ಮಾಡಿದ್ದು ಸರಿ ಎಂದೂ ಸೇರಿಸುತ್ತದೆ. ಈ ‘ಉತ್ತಮ’ರು ಯಾರು? ಗಣಿಯ ಮಾಲೀಕರು, ವರ್ತಕರು, ವಕೀಲರು, ಬಹುಮಟ್ಟಿಗೆ ಉತ್ತರದ ಸೀಮೆಯಿಂದ ಬಂದ ರಿಪಬ್ಲಿಕನ್ನರು. ಉತ್ತಮರಲ್ಲದವರ ಅಭಿಪ್ರಾಯ ಏನಿತ್ತೆಂದು ವಾಚಕನು ಕೇಳಬಾರದು. ‘ಕೌಬಾಯ್’ ಎಂಬ ಮಾತಿನ ಬಳಕೆಯೂ ಇದೇ ಜಾತಿಯದು. ಇಂದು ಆ ಶಬ್ದ ಪ್ರಪಂಚದ ಮಕ್ಕಳಿಗೆಲ್ಲ ಪ್ರಿಯ. 1881ರ ಕೊಚೀಸ್ ಕೌಂಟಿಯಲ್ಲಿ ಅದು ಬೈಗುಳ, ದನಗಳ್ಳನೆಂಬುದಕ್ಕೆ ಪರ್ಯಾಯ. ಮರ್ಯಾದಸ್ಥ ಪಶುಪಾಲಕನಿಗೆ ಬೇರೆ ಹೆಸರಿತ್ತು. ಮೆಕ್ಲಾರಿಗಳು ಕದ್ದ ದನಗಳ ವ್ಯವಹಾರದಲ್ಲಿ ಕೈಯಿಟ್ಟಿದ್ದರೆಂಬುದಕ್ಕೆ ಆಧಾರವಿದೆ. ಜೊತೆಗೇ ಅವರಿಗೆ ಹೊಲ, ನೀರಾವರಿ, ಊರಿನಲ್ಲಿ ಸ್ನೇಹಿತರು ಎಲ್ಲವೂ ಇದ್ದವು. ಆ ಒಂದು ಶಬ್ದವನ್ನು ಅವರ ಹೆಸರಿಗೆ ಅಂಟಿಸಿದ ಮೇಲೆ ವಾದಕ್ಕೆ ಎಡೆಯೇ ಉಳಿಯಲಿಲ್ಲ.

ಆದರೆ ಶವಯಾತ್ರೆಯ ದಿನ ವಾದ್ಯಮೇಳದ ಹಿಂದೆ ನೂರಾರು ಜನ ನಡೆದರು; ಟೂಮ್‌ಸ್ಟೋನಿನ ಬೀದಿಗಳಲ್ಲಿ ಕೊಲೆಯಾದವರು ಎಂಬ ಬರಹವನ್ನು ಶವಪೆಟ್ಟಿಗೆಗಳ ಬಳಿ ಹಚ್ಚಲಾಗಿತ್ತು. ಕ್ಲಾರಾ ಬ್ರೌನ್ ಸಾನ್ ಡಿಯೇಗೊಗೆ ಬರೆದ ಪತ್ರದಲ್ಲಿ, ಊರಿನ ಅಭಿಪ್ರಾಯ ಸರಿಸುಮಾರು ಎರಡಾಗಿ ಒಡೆದಿದೆ, ಎದುರು ಸಿಕ್ಕಿದ ಒಬ್ಬನು ಅರ್ಪ್‌ಗಳಿಗೆ ಬೇರೆ ದಾರಿಯಿರಲಿಲ್ಲ ಎಂದರೆ ಅವನ ಬೆನ್ನಿಗೇ ಬಂದವನು ರಕ್ತ ಹರಿಸುವ ಕಾರಣವೇ ಇರಲಿಲ್ಲ ಎನ್ನುತ್ತಾನೆ ಎಂಬ ಅರ್ಥದ ಮಾತನ್ನು ಬರೆದಳು. ಎರಡು ದಿನಪತ್ರಿಕೆಗಳ ಅಷ್ಟೊಂದು ಅಂಕಣಗಳಲ್ಲಿ ಸಿಕ್ಕದ ಸಮತೂಕ ಆ ಒಂದು ಪತ್ರದಲ್ಲಿ ಸಿಕ್ಕುತ್ತದೆ.

ನವೆಂಬರ್ ತಿಂಗಳು ಪೂರ್ತಿ ನ್ಯಾಯಾಧೀಶ ವೆಲ್ಸ್ ಸ್ಪೈಸರನ ಮುಂದೆ ಪ್ರಾಥಮಿಕ ವಿಚಾರಣೆ ನಡೆಯಿತು. ತಿಂಗಳ ಕೊನೆಯಲ್ಲಿ, ಅರ್ಪ್‌ಗಳ ಮೇಲೆ ಮೊಕದ್ದಮೆ ನಡೆಸಲು ಸಾಕಷ್ಟು ಆಧಾರವಿಲ್ಲವೆಂದು ಆತನು ತೀರ್ಪಿತ್ತನು. ಪತ್ರಿಕೆಗಳು ಮಾಡಿದ ನಿಜವಾದ ಉಪಕಾರ ಈ ತಿಂಗಳದು. ಸಾಕ್ಷಿಗಳ ಹೇಳಿಕೆಗಳೂ ಪಾಟೀಸವಾಲುಗಳೂ ದಿನದಿನವೂ ದೀರ್ಘವಾಗಿ ಅಚ್ಚಾದುವು. ನ್ಯಾಯಾಲಯದ ಮೂಲ ಕಾಗದಗಳನ್ನು 1930ರ ದಶಕದಲ್ಲಿ, ಸರ್ಕಾರದ ಉದ್ಯೋಗಯೋಜನೆಯೊಂದರಲ್ಲಿ ಕೆಲಸ ಮಾಡುತ್ತಿದ್ದ ಹೇಹರ್ಸ್ಟ್ ಎಂಬಾತನು ತನಗೆ ಸರಿಕಂಡಂತೆ ಸಂಕ್ಷೇಪಿಸಿ ನಕಲು ಮಾಡಿದನು. ಆಮೇಲೆ ಮೂಲ ಕಣ್ಮರೆಯಾಯಿತು. ಹೀಗಾಗಿ ಆ ನಕಲಿನಲ್ಲಿ ಬಿಟ್ಟುಹೋದದ್ದನ್ನು ತಿಳಿಯಲು ಇಂದಿನ ಸಂಶೋಧಕನಿಗೆ ಇರುವ ಮುಖ್ಯ ದಾರಿ ಆ ಹಳೆಯ ಹಾಳೆಗಳೇ. ಎರಡೂ ಪತ್ರಿಕೆಗಳ ಪಾಠಗಳು ಕೂಡುವಲ್ಲಿ ನೆಲ ಗಟ್ಟಿ. ಬೇರೆಯಾಗುವಲ್ಲಿ ಎಚ್ಚರ ಬೇಕು. ಒಂದೇ ಕೃತಿಯ ಎರಡು ಓಲೆಪ್ರತಿಗಳನ್ನು ಹೋಲಿಸಿ ಶುದ್ಧಪಾಠವನ್ನು ಕಾಣುವ ಪರಿಶ್ರಮ ಮಾಡಿದವರಿಗೆ ಈ ಕೆಲಸ ಹೊಸದೆನಿಸದು. ಮರಣತನಿಖೆಯ ಕಾಗದಗಳು 2010ರಲ್ಲಿ ಬಿಸ್ಬಿ ಎಂಬ ಊರಿನಲ್ಲಿ ಕೌಂಟಿಯ ಹಳೆಯ ಸರಂಜಾಮುಗಳ ನಡುವೆ ಪತ್ತೆಯಾದವು.

ತೀರ್ಪಿನ ಬಳಿಕ ಪತ್ರಿಕೆಗಳ ನಡತೆ ಇಳಿಮುಖವಾಯಿತೆಂದೇ ಹೇಳಬೇಕು. ಡಿಸೆಂಬರಿನಲ್ಲಿ ‘ಗಣಿಗಾರ’ ಎಂಬ ಸಹಿಯಿಂದ ಸ್ಪೈಸರನಿಗೆ ಬೆದರಿಕೆಯ ಪತ್ರ ಬಂದಿತು. ಅದಕ್ಕೆ ಅವನು ‘ಎಪಿಟಾಫ್’ನಲ್ಲಿಯೇ ಬಹಿರಂಗ ಉತ್ತರ ಬರೆದನು. ಡಿಸೆಂಬರ್ 14ರ ರಾತ್ರಿ ಕ್ಲಮ್ ಕುಳಿತಿದ್ದ ಅಂಚೆಬಂಡಿಯ ಮೇಲೆ ಗುಂಡು ಹಾರಿತು. ತನ್ನನ್ನು ಕೊಲ್ಲಲು ಬಂದವರೆಂದು ನಂಬಿ ಅವನು ಬಂಡಿಯಿಂದಿಳಿದು ಕತ್ತಲಲ್ಲಿ ನಡೆದುಕೊಂಡೇ ಪಾರಾದನು. ‘ನಗೆಟ್’ಗೆ ಇದು ಗೇಲಿಯ ವಸ್ತುವಾಯಿತು. ಎರಡು ವಾರ ಕಳೆಯುವಷ್ಟರಲ್ಲಿ ವರ್ಜಿಲನನ್ನು ಬೀದಿಯಲ್ಲಿ ಕತ್ತಲಿನಿಂದ ಹೊಡೆದು ಒಂದು ತೋಳನ್ನು ಜನ್ಮಪರ್ಯಂತ ನಿರುಪಯುಕ್ತ ಮಾಡಿದರು. 1882ರ ಜನವರಿಯ ಪೌರಚುನಾವಣೆಯಲ್ಲಿ ‘ಎಪಿಟಾಫ್’ ಬೆಂಬಲಿಸಿದವನು ಸೋತು, ಕಮ್ಮಾರ ವೃತ್ತಿಯ ಜಾನ್ ಕಾರ್ ಮೇಯರನಾದನು. ಮಾರ್ಚ್ 18ರಂದು ಮಾರ್ಗನ್ ಅರ್ಪ್ ಬಿಲಿಯರ್ಡ್ಸ್ ಆಡುತ್ತಿದ್ದಾಗ ಕೊಲೆಯಾದನು. ವ್ಯಾಟ್ ಸೇಡಿಗೆ ಹೊರಟನು.

ಆ ಸೇಡಿನ ಸವಾರಿಯಲ್ಲಿ ಕರ್ಲಿ ಬಿಲ್ ಎಂಬ ದನಗಳ್ಳರ ಮುಖಂಡನನ್ನು ವ್ಯಾಟ್ ಕೊಂದನೆಂದು ‘ಎಪಿಟಾಫ್’ ಸಾರಿತು. ಕೊಂದಿಲ್ಲವೆಂದು ‘ನಗೆಟ್’ ಸಾಧಿಸಿತು. ಅವನು ಸತ್ತನೆಂಬುದನ್ನು ರುಜುವಾತುಪಡಿಸಿದವರಿಗೆ 1,000 ಡಾಲರ್ ಬಹುಮಾನವೆಂದು ‘ನಗೆಟ್’ ಪ್ರಕಟಿಸಿದರೆ, ಕರ್ಲಿ ಬಿಲ್ ಜೀವಂತವಾಗಿ ಬಂದು ನಿಂತರೆ 2,000 ಡಾಲರ್ ಎಂದು ‘ಎಪಿಟಾಫ್’ ಹರಾಜು ಏರಿಸಿತು. ಹೆಣವೂ ಬರಲಿಲ್ಲ, ಆಳೂ ಬರಲಿಲ್ಲ. ಎರಡೂ ಪತ್ರಿಕೆಗಳ ಹಣ ಭದ್ರವಾಗಿ ಉಳಿಯಿತು. ಹಾಸ್ಯಕ್ಕೆ ಒಳ್ಳೆಯದೇ. ಆದರೆ ಒಬ್ಬ ಮನುಷ್ಯನು ಸತ್ತಿದ್ದಾನೆಯೇ ಬದುಕಿದ್ದಾನೆಯೇ ಎಂಬ ಸರಳ ಸಂಗತಿಯನ್ನು ಕೂಡ ಊರಿನ ಪತ್ರಿಕೆಗಳು ಪಕ್ಷದ ಪ್ರಶ್ನೆಯಾಗಿ ಮಾಡಿಬಿಟ್ಟವೆಂಬುದನ್ನು ಮರೆಯುವಂತಿಲ್ಲ.

ಎರಡು ಪತ್ರಿಕೆಗಳು ಜಗಳವಾಡಿದ ವಿಷಯಗಳ ಬಗ್ಗೆ ಇಂದು ನಮೂದುಗಳು ಬೇಕಾದಷ್ಟಿವೆ. ಜಗಳವಾಡದೆ ಒಪ್ಪಿಕೊಂಡ ವಿಷಯಗಳಲ್ಲಿಯೇ ಇತಿಹಾಸ ಬಡವಾಗಿದೆ. 1881ರ ಬೇಸಗೆಯಲ್ಲಿ ಗಡಿಯ ಕಣಿವೆಯೊಂದರಲ್ಲಿ ಮೆಕ್ಸಿಕನ್ ವ್ಯಾಪಾರಿಗಳ ತಂಡವನ್ನು ದನಗಳ್ಳರು ಹೊಂಚಿ ಕೊಂದರು. ಅದಕ್ಕೆ ಪ್ರತೀಕಾರವೆಂಬಂತೆ ಆಗಸ್ಟಿನಲ್ಲಿ ಗ್ವಾಡಲೂಪೆ ಕಣಿವೆಯಲ್ಲಿ ಮುದುಕ ಕ್ಲಾಂಟನ್ ಮೊದಲಾದ ಐವರು ಹತರಾದರು. ಈ ಐವರ ಹೆಸರುಗಳು ಬಾಯಿಪಾಠವಾಗಿರುವವರುಂಟು. ಆ ಮೆಕ್ಸಿಕನ್ನರಲ್ಲಿ ಬಹುಪಾಲು ಜನರ ಹೆಸರು ಸುದ್ದಿಯಲ್ಲಿ ಸೇರಲೇ ಇಲ್ಲ. ವ್ಯಾಟನ ತಂಡ ಮಾರ್ಚ್ 22ರಂದು ಕೊಂದ ಮರ ಕಡಿಯುವವನೊಬ್ಬನು ಒಂದು ಕಡೆ ಫ್ಲೊರೆಂಟಿನೊ, ಇನ್ನೊಂದು ಕಡೆ ‘ಇಂಡಿಯನ್ ಚಾರ್ಲಿ’. ಇಬ್ಬರೂ ಒಬ್ಬನೇ ಹೌದೋ ಅಲ್ಲವೋ ಎಂಬ ಚರ್ಚೆ ಈಗಲೂ ನಡೆದಿದೆ. ಊರಿನ ಬಟ್ಟೆ ಒಗೆದು ಅಡಿಗೆ ಮಾಡುತ್ತಿದ್ದ ಚೀನೀಯರು ಎರಡೂ ಪತ್ರಿಕೆಗಳಿಗೆ ಪರಿಹಾಸದ ಇಲ್ಲವೆ ದೂರಿನ ವಸ್ತು. ಇನ್ನು ಅಪಾಚೆ ಜನರೋ! ಅವರ ನಡುವೆ ಮೂರು ವರ್ಷ ಬದುಕಿ, ಅವರಿಂದಲೇ ಅವರ ಪೋಲೀಸು ಪಡೆಯನ್ನು ಕಟ್ಟಿ, ಅದರ ದಕ್ಷತೆಯನ್ನು ಹೊಗಳಿಕೊಳ್ಳುತ್ತಿದ್ದ ಕ್ಲಮ್, ಸಂಪಾದಕನ ಕುರ್ಚಿಯಲ್ಲಿ ಕುಳಿತ ಮೇಲೆ ಅವರ ಕಡೆಯ ಮಾತಿಗೆ ಅಂಕಣ ಕೊಡಲಿಲ್ಲ. ಆ ನೆಲದಲ್ಲಿ ಬೆಳ್ಳಿ ಸಿಕ್ಕುವ ಮೊದಲು ಅದು ಯಾರದಾಗಿತ್ತು ಎಂಬ ಪ್ರಶ್ನೆ ಡೆಮೊಕ್ರಾಟನಿಗೂ ಬೇಡವಾಗಿತ್ತು, ರಿಪಬ್ಲಿಕನ್ನನಿಗೂ ಬೇಡವಾಗಿತ್ತು.

ಆಮೇಲಿನ ಗ್ರಂಥಕರ್ತರು ಈ ಸಾಮಗ್ರಿಯನ್ನು ಬಳಸಿದ ರೀತಿಯೂ ಮೆಚ್ಚುವಂತಹದಲ್ಲ. ವಾಲ್ಟರ್ ನೋಬಲ್ ಬರ್ನ್ಸ್‌ನ ಪುಸ್ತಕ 1927ರಲ್ಲಿಯೂ, ಸ್ಟೂವರ್ಟ್ ಲೇಕ್ ಬರೆದ ವ್ಯಾಟ್ ಅರ್ಪ್‌ನ ಚರಿತ್ರೆ, ವ್ಯಾಟ್ ತೀರಿಕೊಂಡ ಎರಡು ವರ್ಷಗಳ ಮೇಲೆ, 1931ರಲ್ಲಿಯೂ ಹೊರಬಂದವು. ಎರಡರಲ್ಲಿಯೂ ಊರಿನ ‘ಉತ್ತಮ’ರ ಕಥೆಯೇ ಊರಿನ ಕಥೆ. ನಾಯಕನ ಬಾಯಲ್ಲಿಟ್ಟ ಮಾತುಗಳಲ್ಲಿ ಬಹಳಷ್ಟು ತನ್ನವೇ ಎಂದು ಲೇಕ್ ಅನಂತರ ಪತ್ರಗಳಲ್ಲಿ ಒಪ್ಪಿಕೊಂಡನೆಂಬುದು ತಿಳಿದೇ ಇದೆ. ಇದರ ಪ್ರತಿಕ್ರಿಯೆಯಾಗಿ ಮುಂದಿನ ಪೀಳಿಗೆಯ ಕೆಲವರು ‘ನಗೆಟ್’ನ ಪಕ್ಷ ಹಿಡಿದು ವ್ಯಾಟನನ್ನು ಕೊಲೆಗಡುಕನನ್ನಾಗಿ ಮಾಡಿದರು. ನಮ್ಮ ವೀರಗಲ್ಲುಗಳ ಮೇಲೆ ತುರುಗಾಳಗದಲ್ಲಿ ಮಡಿದವನ ಕಡೆಯವರ ಮಾತು ಮಾತ್ರ ಉಳಿದಿರುತ್ತದೆ. ಎದುರಾಳಿಯ ಕಲ್ಲು ಇನ್ನೆಲ್ಲೋ ಇರುತ್ತದೆ, ಅಥವಾ ಇರುವುದೇ ಇಲ್ಲ. ಟೂಮ್‌ಸ್ಟೋನಿನಲ್ಲಿ ಎರಡು ಕಲ್ಲುಗಳೂ ಒಂದೇ ಬೀದಿಯಲ್ಲಿ ಇದ್ದವು. ಎರಡನ್ನೂ ಒಟ್ಟಿಗೆ ಓದುವ ತಾಳ್ಮೆ ಬಂದದ್ದು ಬಹು ತಡವಾಗಿ.

‘ಎಪಿಟಾಫ್’ನ ಕೀರ್ತಿಗೆ ಇನ್ನೊಂದು ಕಾರಣ ಬರಿಯ ಆಕಸ್ಮಿಕ. 1882ರ ಮೇ 1ರಂದು, ಪತ್ರಿಕೆಗೆ ಎರಡು ವರ್ಷ ತುಂಬಿದ ದಿನ, ಕ್ಲಮ್ ಅದನ್ನು ಮಾರಿಬಿಟ್ಟನು. ಕೊಂಡವರು ಡೆಮೊಕ್ರಾಟರು, ಸ್ಯಾಮ್ಯುಯೆಲ್ ಪರ್ಡಿ ಎಂಬಾತನು ಹೊಸ ಸಂಪಾದಕನಾದನು. ಎರಡು ದಿನಗಳ ಮೇಲೆ ಅಧ್ಯಕ್ಷ ಆರ್ಥರ್, ಆರಿಜೋನದಲ್ಲಿ ಅರಾಜಕತೆ ನಿಲ್ಲದಿದ್ದರೆ ಸೈನ್ಯವನ್ನು ಬಳಸುವುದಾಗಿ ವಾಷಿಂಗ್ಟನ್ನಿನಿಂದ ಘೋಷಣೆ ಹೊರಡಿಸಿದನು. ವ್ಯಾಟ್ ಅಷ್ಟರಲ್ಲಿ ಆರಿಜೋನವನ್ನು ಬಿಟ್ಟುಹೋಗಿದ್ದನು. ಮೂರು ವಾರಗಳವರೆಗೆ ಊರಿನಲ್ಲಿ ಎರಡು ಡೆಮೊಕ್ರಾಟ್ ಪತ್ರಿಕೆಗಳಿದ್ದವು. ಮೇ 25ರಂದು ಬೆಂಕಿ ಬಿದ್ದು ಊರಿನ ವ್ಯಾಪಾರದ ಭಾಗ ಉರಿದುಹೋಯಿತು. ‘ನಗೆಟ್’ನ ಕಚೇರಿಯೂ ಅದರ ಅಚ್ಚುಕೂಟವೂ ಅದರಲ್ಲಿ ಸುಟ್ಟುಹೋದವು, ಆ ಪತ್ರಿಕೆ ಮತ್ತೆ ಹೊರಡಲಿಲ್ಲ. ‘ಎಪಿಟಾಫ್’ ಉಳಿಯಿತು, ಕ್ಲಮ್ ಇಟ್ಟ ಹೆಸರಿನಿಂದ, ಕ್ಲಮ್‌ನ ವಿರೋಧಿಗಳ ಕೈಯಲ್ಲಿ.